ಮೂರು ಸೆಕೆಂಡಿನ ನಗು

ನಂಜನಗೂಡಿನ ಗಂಗಾಧರಸ್ವಾಮಿ ಮೇಷ್ಟ್ರು ಕೊನೆಯ ಸಲ ನಕ್ಕಿದ್ದು ಕಪಿಲೆಗೆ ಸೇತುವೆ ಇಲ್ಲದ ಕಾಲದಲ್ಲಿ ಎನ್ನುತ್ತಾರೆ. ಅಂಥವರು ಪಿಎಚ್‌ಡಿಗೆ ಹಿಡಿದ ವಿಷಯ, ಸಿನಿಮಾ ಮತ್ತು ಟೀವಿಯ ಹಾಸ್ಯ ಹಾಗೂ ಅದರ ಸಾಮಾಜಿಕ ಪಾತ್ರ! ಎಂಟು ವರ್ಷದಲ್ಲಿ ಅವರು ನೋಡಿದ ಕಾಮಿಡಿ ಸೀನುಗಳನ್ನು ಸಾಲಾಗಿ ಹಾಸಿದ್ದರೆ ತಿರುಮಕೂಡಲಿಗೆ ಹೋಗಿ ವಾಪಸ್ಸು ಬರಬಹುದಿತ್ತು. ಒಂದಕ್ಕೂ ಅವರ ತುಟಿ ಅಲುಗಲಿಲ್ಲ. ಅಷ್ಟರಲ್ಲಿ ವಿಶ್ವವಿದ್ಯಾಲಯದ ಕೊನೆಯ ಗಡುವು ಬಂತು. ಈ ಸಲ ಪ್ರಬಂಧ ಒಪ್ಪಿಸದಿದ್ದರೆ ಎಂಟು ವರ್ಷವೂ ಹೊಳೆ ಪಾಲು.

ಮೇಷ್ಟ್ರು ಹತ್ತಿರದ ಹದಿನಾರು ಎಂಬ ಹಳ್ಳಿಗೆ ಹೋಗಿ ಊರ ಯಜಮಾನ ದೊಡ್ಡಸಿದ್ದಯ್ಯನವರ ಅಂಗಳದಲ್ಲಿ ಪರದೆ ಕಟ್ಟಿ, ಒಂದು ವಾರ ಸಂಜೆ ಸಂಜೆ ಊರಿಗೆಲ್ಲ ಕಾಮಿಡಿ ತೋರಿಸಿದರು. ತಾವು ಪರದೆಯ ಪಕ್ಕ ಕೂತು, ಜೋಕು ಬಂದ ಸಮಯ ಬರೆದುಕೊಳ್ಳುವುದು, ಜನ ನಕ್ಕ ಸಮಯ ಬರೆದುಕೊಳ್ಳುವುದು. ಪವಾಡವೇ ನಡೆಯಿತು! ಪ್ರತಿ ಜೋಕಾದ ಮೂರು ಸೆಕೆಂಡಿಗೆ ಸರಿಯಾಗಿ ಇಡೀ ಊರು ಒಟ್ಟಿಗೆ ನಗುತ್ತಿತ್ತು. ಹಾಸ್ಯವು ಸಮಾಜವನ್ನು ಒಂದುಗೂಡಿಸುತ್ತದೆ ಎಂದು ಮೇಷ್ಟ್ರು ನೂರಾನಲವತ್ತು ಪುಟ ಗೀಚಿದರು.

ಒಪ್ಪಿಸಲು ಐದು ದಿನವಿದ್ದಾಗ, ಯಜಮಾನರ ಕೊಟ್ಟಿಗೆ ಕೆಲಸದ ಮುತ್ತಮ್ಮನನ್ನು ಕೇಳಿದರು: “ಜೋಕು ಅರ್ಥವಾಗೋಕೆ ಮೂರು ಸೆಕೆಂಡು ಬೇಕೇನಮ್ಮ?”

“ಅಯ್ಯೋ ಸಾ, ನಾವೇನ್ ಪೆದ್ರಾ? ನಗು ಅವಾಗ್ಲೇ ಬಂದಿರ್ತದೆ. ಯಜಮಾನ್ರು ನಗೋಗಂಟ ಬಾಯ್ಗೆ ಸೆರಗು ತುರುಕ್ಕೊಂಡ್ ಕುಂತಿರ್ತೀವಿ. ಅವ್ರ ಅಂಗಳದಲ್ಲಿ ಅವ್ರಿಗಿಂತ ಮುಂಚೆ ನಗಕಾಯ್ತದಾ?”

ಮೇಷ್ಟ್ರು ಯಜಮಾನರತ್ತ ಓಡಿ, ಜೋಕಿಗೆ ತಡವಾಗಿ ನಗುವುದೇಕೆಂದು ಮೂರು ಸಲ ಕೂಗಿ ಕೇಳಿದರು.

“ನಂಗೆಲ್ ಕೇಳ್ತದೆ ಮೇಷ್ಟ್ರೇ, ಕಿವಿ ಓಗಿ ಅತ್ ವರ್ಸಾಯ್ತು,” ಎಂದರು ದೊಡ್ಡಸಿದ್ದಯ್ಯ. “ನಿಮ್ ಪೆನ್ ನೋಡ್ತಿದ್ದೆ. ನೀವು ಬರದ್ರೆ ಜೋಕು ಬಂತು ಅಂತ. ಓದ್ದೋರು ಒಪ್ದೆ ನಾವು ನಕ್ಬುಟ್ರೆ ಮರ್ವಾದೆ ಅಲ್ಲ ಕಣ್ರೀ.”

ಅಂದರೆ ಎಂಟು ವರ್ಷ ನಗದ ಮನುಷ್ಯ ಒಂದು ಪೆನ್ನಿನಿಂದ ಊರನ್ನೇ ನಗಿಸಿದ್ದ! ಬುದ್ಧಿವಂತರಾಗಿದ್ದರೆ ಬಾಯಿ ಮುಚ್ಚಿಕೊಂಡು ಆ ನೂರಾನಲವತ್ತು ಪುಟವನ್ನೇ ಒಪ್ಪಿಸುತ್ತಿದ್ದರು. ಮೇಷ್ಟ್ರು ಅದನ್ನು ಹರಿದು, ನಾಲ್ಕು ದಿನ ನಿದ್ದೆಗೆಟ್ಟು, ನಡೆದದ್ದನ್ನು ನಡೆದಂತೆ ಬರೆದು ಒಪ್ಪಿಸಿದರು.

ಮೈಸೂರಿನಲ್ಲಿ ಮೌಖಿಕ ಪರೀಕ್ಷೆ. ಮೇಷ್ಟ್ರು ಪೆನ್ನಿನ ಕತೆ ಹೇಳಿ ಮುಗಿಸಿದರೂ ಸಭಾಂಗಣದಲ್ಲಿ ಯಾರೂ ನಗಲಿಲ್ಲ. ನಲವತ್ತು ಜನ ವಿದ್ವಾಂಸರು ಹೊರಗಿನಿಂದ ಬಂದಿದ್ದ ಪರೀಕ್ಷಕರ ಮುಖ ನೋಡುತ್ತಿದ್ದರು, ಕೆಲವರ ಕೆನ್ನೆಯಂತೂ ಬಲೂನಿನಂತೆ ಉಬ್ಬಿತ್ತು. ಕಡೆಗೆ ಪರೀಕ್ಷಕರು ನಕ್ಕರು. ತಕ್ಷಣ ಸಭಾಂಗಣದ ಹೆಂಚು ಹಾರುವಂತೆ ನಲವತ್ತೂ ಜನ ನಕ್ಕರು. ಮೇಷ್ಟ್ರು ಸಮಯ ಬರೆದುಕೊಂಡರು. ಡಾಕ್ಟರೇಟ್ ಸಿಕ್ಕಿತು.

ಮರುದಿನ ಸಿಹಿ ಹಿಡಿದು ಹದಿನಾರಿಗೆ ಹೋಗಿ, ಅಂಗಳದಲ್ಲಿ ನಿಂತು ಇದನ್ನೆಲ್ಲ ಹೇಳಿದರು. ದೊಡ್ಡಸಿದ್ದಯ್ಯನವರು ಅವರ ಜೇಬಿನ ಪೆನ್ನನ್ನೇ ನೋಡುತ್ತಾ ಕಾಯುತ್ತಿದ್ದರು.

“ಅಲ್ಲೂ ಒಬ್ರು ಯಜಮಾನ್ರವ್ರಾ ಸಾ?” ಎಂದಳು ಮುತ್ತಮ್ಮ. ಸೆರಗು ಹುಡುಕುವಷ್ಟು ಪುರುಸೊತ್ತಿಲ್ಲದೆ, ಯಾರಿಗೂ ಕಾಯದೆ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮೇಷ್ಟ್ರು ಪೆನ್ನು ತೆಗೆಯಲಿಲ್ಲ. ಅವರಿಗೂ ನಗು ಬಂದಿತ್ತು.