ಗ್ಯಾರೇಜಿನಲ್ಲಿ ನೈದಿಲೆ

2003ರಲ್ಲಿ ನಾವು ಸ್ಯಾಂಟಾ ಕ್ಲಾರಿಟಾದಲ್ಲಿ ಮನೆ ಕೊಂಡಾಗ ನನ್ನ ಅತ್ತಿಗೆ, ಅಂದರೆ ಗಂಡನ ಅಕ್ಕ, ಸ್ಯಾನ್ ಡಿಯೇಗೊದಿಂದ ಬಂದು ಒಂದು ನೀಲಿ ನೈದಿಲೆಯ ಮರಿ ಕೊಟ್ಟರು. ಅವರ ಹಿತ್ತಲಿನ ಕೊಳದಲ್ಲಿ ಅದು ಚಳಿಗಾಲದಲ್ಲೂ ಹಸಿರಾಗಿರುತ್ತಿತ್ತು.

"ಎಂತ ಮಾಡ್ಲಿಕ್ಕೂ ಇಲ್ಲ ಮಾರಾಯ್ತಿ, ನೀರಲ್ಲಿ ಬಿಟ್ರೆ ಸಾಕು," ಎಂದರು.

ಸಮುದ್ರದ ಪಕ್ಕದಲ್ಲಿರುವವರಿಗೆ ಹಾಗೆ ಹೇಳುವುದು ಸುಲಭ. ನಮ್ಮಲ್ಲಿ ಜನವರಿಯ ಬೆಳಗ್ಗೆ ಕಾರಿನ ಗಾಜಿನ ಮೇಲಿನ ಮಂಜುಗಡ್ಡೆ ಕೆರೆದು ಆಫೀಸಿಗೆ ಹೊರಡಬೇಕು. ಮೊದಲ ಚಳಿಗಾಲದಲ್ಲೇ ನೈದಿಲೆ ಬಿಟ್ಟಿದ್ದ ಟಬ್ಬಿನ ನೀರು ಹೆಪ್ಪುಗಟ್ಟಿ, ಎಲೆಗಳು ಬೆಂದ ಬಸಳೆಯಂತಾದವು. ಗೆಡ್ಡೆ ಮುಟ್ಟಿದರೆ ಕೈಯಲ್ಲೇ ಕರಗಿತು.

ಅದೇ ಚಳಿಗಾಲದಲ್ಲಿ ನನಗೆ ಎರಡನೇ ಸಲ ಬಸಿರು ನಿಲ್ಲದೆ ಹೋಗಿತ್ತು. ಅದು ಅತ್ತಿಗೆಗೂ ಗೊತ್ತಿತ್ತು. ಸಂಕ್ರಾಂತಿಗೆ ಕ್ಯಾಲಬಾಸಸ್ ದೇವಸ್ಥಾನದಲ್ಲಿ ಸಿಕ್ಕಾಗ ಅವರಿಗೆ ನೈದಿಲೆ ಸತ್ತದ್ದು ಹೇಳಿದೆ. ಚಿತ್ರಾನ್ನದ ತಟ್ಟೆಯಿಂದ ತಲೆ ಎತ್ತದೆ, "ನಿನ್ನ ಕೈಯಲ್ಲಿ ಯಾವ್ದೂ ನಿಲ್ಲೂದಿಲ್ಲ ಅಲ್ವಾ," ಎಂದರು. ಬೇಕೆಂದೇ ಅಂದರೋ, ನಾಲಿಗೆ ಜಾರಿತೋ, ಇಂದಿಗೂ ಗೊತ್ತಿಲ್ಲ. ಪಕ್ಕದಲ್ಲೇ ಇದ್ದ ಗಂಡ ಮೊಸರನ್ನ ಕಲಸುತ್ತಲೇ ಇದ್ದರು. ಅವರನ್ನೂ ನಾನು ಕ್ಷಮಿಸಿಲ್ಲ.

ಹಠಕ್ಕೆ ಬಿದ್ದು, ಬೇಸಿಗೆಯಲ್ಲಿ ಅತ್ತಿಗೆಯ ಹತ್ತಿರವೇ ಇನ್ನೊಂದು ಮರಿ ಕೇಳಿ ತಂದೆ. ಇದೊಂದು ಚಳಿಗಾಲ ದಾಟಿದರೆ ಆ ಮಾತು ಸುಳ್ಳಾಗುತ್ತದೆ ಎಂದುಕೊಂಡಿದ್ದೆ. ಚಾಟ್ಸ್‌ವರ್ತ್‌ನ ಆಫೀಸಿನಲ್ಲಿ ಲಂಚ್ ಹೊತ್ತಿನಲ್ಲಿ ಓದಿ ಓದಿ ನೈದಿಲೆಯನ್ನು ಚಳಿ ದಾಟಿಸುವ ಕೆಲಸ ಕಲಿತೆ. ನವೆಂಬರಿನಲ್ಲಿ ಎಲೆ ಸೊರಗಿದ ಮೇಲೆ ಗೆಡ್ಡೆ ಕಿತ್ತು, ತೊಳೆದು, ಒದ್ದೆ ಮರಳು ತುಂಬಿದ ಉಪ್ಪಿನಕಾಯಿ ಬಾಟಲಿಯಲ್ಲಿ ಹೂತು ಗ್ಯಾರೇಜಿನ ಕಪಾಟಿನಲ್ಲಿಟ್ಟೆ. ಇಷ್ಟು ಮಾಡಿ ಕೈಗೆ ಸಿಕ್ಕಿದ್ದು ಅಡಿಕೆಯಷ್ಟೇ ಗಾತ್ರದ ಒಂದು ಗೆಡ್ಡೆ. ಮರಳು ಒಣಗಿದರೆ ಅದು ಸಾಯುತ್ತದೆ, ನೀರು ಹೆಚ್ಚಾದರೆ ಕೊಳೆಯುತ್ತದೆ. ಪ್ರತಿ ಭಾನುವಾರ ಬೆರಳಿಟ್ಟು ನೋಡುತ್ತಿದ್ದೆ.

ಮಾರ್ಚಿನಲ್ಲಿ ದೊಡ್ಡ ಟಬ್ ಕೊಂಡು ತಂದಾಗ ಗಂಡ ನಕ್ಕರು. "ಕೂಸು ಹುಟ್ಟೋಕ್ಕಿಂತ ಮೊದಲೇ ಕುಲಾವಿ ಹೊಲಿಸಿದ ಹಾಗಾಯ್ತು." ಅಂದದ್ದೇನು ಎಂಬುದು ಮರುಕ್ಷಣ ಅವರಿಗೇ ಹೊಳೆದಿರಬೇಕು. ಕಾರಿನ ಕೀ ಹುಡುಕುವವರಂತೆ ಒಳಗೆ ಹೋದರು.

ಏಪ್ರಿಲ್‌ನಲ್ಲಿ ಗೆಡ್ಡೆಯನ್ನು ಬೆಚ್ಚಗಿನ ನೀರಿನಲ್ಲಿಟ್ಟೆ, ಮೊಳಕೆ ಬಂತು. ಜುಲೈಯಲ್ಲಿ ಮೊದಲ ಹೂ ಅರಳಿದಾಗ ಟಬ್ಬಿನ ಪಕ್ಕ ಕೂತು ಅತ್ತುಬಿಟ್ಟೆ. ಅಷ್ಟು ಸಂತೋಷ ನನಗೆ ಆ ಮನೆಯಲ್ಲಿ ಮತ್ತೆ ಆಗಲಿಲ್ಲ.

ಆ ವಾರವೇ ಅತ್ತಿಗೆ ಬಂದರು. ಬಗ್ಗಿ ನೋಡಿ, "ಕಂಡ್ಯಾ? ನಾನು ಕೊಟ್ಟದ್ದು ಎಲ್ಲಿ ಹೋದ್ರೂ ಬದುಕ್ತದೆ. ನನ್ನ ಕೈಗುಣ!" ಎಂದರು. ಗಂಡ ಹೌದೆಂದು ತಲೆಯಾಡಿಸಿದರು. ನಾನು ಕಾಫಿ ಮಾಡಲು ಹೋದೆ.

ಆ ನವೆಂಬರಿನಲ್ಲಿ ಗೆಡ್ಡೆ ಕೀಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ದಿನಾ ಕಿಟಕಿಯಿಂದ ಟಬ್ ನೋಡುತ್ತಿದ್ದೆ, ಹೊರಗೆ ಮಾತ್ರ ಹೋಗುತ್ತಿರಲಿಲ್ಲ. ಜನವರಿಯಲ್ಲಿ ನೀರು ಕಲ್ಲಾದ ಮೇಲೆ ಅತ್ತಿಗೆಗೆ ಫೋನ್ ಮಾಡಿದೆ.

"ನಿಮ್ಮ ನೈದಿಲೆ ಸತ್ತುಹೋಯ್ತು ಅತ್ತಿಗೆ. ನಿಮ್ಮ ಕೈಗುಣ ಅದನ್ನ ಉಳಿಸ್ಲಿಲ್ಲ."

ಅವರಿಗೆ ನೋಯಲಿ ಎಂದೇ ಹೇಳಿದೆ.

"ಹೋಗ್ಲಿ ಬಿಡು ಮಾರಾಯ್ತಿ," ಎಂದರು. "ಇಲ್ಲಿ ಕೊಳದ ತುಂಬ ಉಂಟಲ್ಲ. ಬಂದಾಗ ಇನ್ನೊಂದು ತಕೊಂಡು ಹೋಗು."

ಅವರಿಗೆ ಕೊಳದ ತುಂಬ ಇತ್ತು. ನಾನು ಕೊಂದದ್ದು ನನ್ನದನ್ನು.