ತಿರುಗಿ ಬರುವುದಕ್ಕೆ ಪುರಾವೆ

ಗಂಡನ ಮನೆ ಬಿಟ್ಟು ಬಂದು ಕೊಪ್ಪಳದಲ್ಲಿ ಬಾಡಿಗೆ ಮನೆ ಹಿಡಿದು ಆರು ವರ್ಷ ಕಳೆದಿದ್ದವು. ಹೊರದೇಶದ ಒಂದು ಕಂಪನಿಗೆ ಮನೆಯಲ್ಲೇ ಕೂತು ಇಂಗ್ಲಿಷ್ ಬರಹ ತಿದ್ದುವುದು ನನ್ನ ಕೆಲಸ. ಕೆಲಸಕ್ಕಿಂತ ಹೆಚ್ಚು ದಣಿಸಿದ್ದು ಓಣಿಯವರ ಪ್ರಶ್ನೆಗಳು. ಗಂಡ ಎಲ್ಲಿ, ಮಕ್ಕಳಿಲ್ಲವೇ, ದಿನವೆಲ್ಲ ಬಾಗಿಲು ಹಾಕಿಕೊಂಡು ಏನು ಮಾಡುತ್ತೀ. ಉತ್ತರ ಹೇಳಿ ಹೇಳಿ ಸಾಕಾಗಿತ್ತು. ಒಂದು ವರ್ಷವಾದರೂ ಯಾರೂ ಏನೂ ಕೇಳದ, ಸಮುದ್ರವಿರುವ ಯಾವುದಾದರೂ ಪರದೇಶದ ಊರಿನಲ್ಲಿ ಇದ್ದು ಬರಬೇಕು ಅನ್ನಿಸಿತು. ಎಲ್ಲಿ ಕೂತು ಮಾಡಿದರೂ ಸರಿ ಎಂದು ಕಂಪನಿಯವರು ಒಪ್ಪಿದರು.

ಪ್ರವಾಸಿ ವೀಸಾದಲ್ಲಿ ಹೋದರಾಯಿತು, ಲ್ಯಾಪ್‌ಟಾಪಿನಲ್ಲಿ ನಾನು ಏನು ಮಾಡುತ್ತೇನೆಂದು ಯಾರು ಇಣುಕುತ್ತಾರೆ ಎಂದುಕೊಂಡಿದ್ದೆ. ಗಂಗಾವತಿಯಲ್ಲಿ ವೀಸಾ ಅರ್ಜಿ ತುಂಬಿಕೊಡುವ ಏಜೆಂಟ್ ಅದಕ್ಕೆ ಒಪ್ಪಲಿಲ್ಲ. ಅದರಲ್ಲಿ ತಿರುಗಾಡಬಹುದು, ದುಡಿಯುವಂತಿಲ್ಲ. ಕೆಲಸದ ವೀಸಾ ಅಲ್ಲಿಯದೇ ನೌಕರಿ ಸಿಕ್ಕವರಿಗೆ. ನನ್ನಂತೆ ಬೇರೆ ದೇಶದ ಕೆಲಸವನ್ನು ಜೊತೆಗೆ ಒಯ್ಯುವವರಿಗೆ ಕೆಲವು ದೇಶಗಳು ಬೇರೆಯೇ ಒಂದು ವೀಸಾ ಕೊಡುತ್ತವೆ, ಒಂದು ವರ್ಷಕ್ಕೆ. ಕಂಪನಿಯ ಪತ್ರ, ಸಂಬಳದ ದಾಖಲೆ, ವಿಮೆ ಎಲ್ಲ ನೋಡಿದ ಮೇಲೆ ಅವನು ಪೆನ್ನು ಕೆಳಗಿಟ್ಟ.

“ಅಕ್ಕಾರ, ನೀವು ತಿರುಗಿ ಬರ್ತೀರಿ ಅನ್ನೂದಕ್ಕ ಏನರ ಪುರಾವೆ ಬೇಕ್ರಿ. ಹೊಲ, ಮನಿ, ನಿಮ್ಮ ಹೆಸರಿಲೆ ಏನೈತ್ರಿ?”

ಏನೂ ಇರಲಿಲ್ಲ. ಅಪ್ಪ ತೀರಿದ ವರ್ಷ ಯಲಬುರ್ಗಾದ ನೋಂದಣಿ ಕಚೇರಿಯಲ್ಲಿ ನನ್ನ ಹಕ್ಕು ಬಿಟ್ಟೆನೆಂದು ಸಹಿ ಮಾಡಿದ್ದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುವ ಊರು ನಮ್ಮದು. ಪಾಲು ಕೇಳಿದವಳಿಗೆ ತವರು ಇರುವುದಿಲ್ಲ. ಅಂದು ಅಣ್ಣ ಒಂದು ಇಳಕಲ್ ಸೀರೆ ಕೊಟ್ಟು, ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿನ್ನಿಸಿ ಕಳಿಸಿದ್ದ. ಮಿರ್ಚಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಮನೆಯಲ್ಲಿ ನನಗೊಂದು ಕೋಣೆ ಇದೆಯೆಂದು ಅಣ್ಣ ಬರೆದುಕೊಟ್ಟರೂ ನಡೆದೀತು ಎಂದ ಏಜೆಂಟ್. ತವರೂರು ತಳಕಲ್ಲಿಗೆ ಹೋದೆ. ವಿಷಯ ತೆಗೆದ ಕೂಡಲೇ ಅಣ್ಣನ ಹೆಂಡತಿ, ನಮ್ಮ ವೈನಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಪಾಲು ಕೇಳಲು ಬಂದಿಲ್ಲ, ಒಂದು ಕಾಗದ ಸಾಕು ಎಂದು ಎರಡೆರಡು ಸಲ ಹೇಳಿದೆ.

“ಕಾಗದ ಯಾಕ ಬೇಕವ್ವಾ? ಈ ಮನಿ ನಿಂದ ಐತಿ,” ಅಂದ ಅಣ್ಣ.

“ಅದನ್ನ ಬರದು ಸಹಿ ಮಾಡಿ ಕೊಡು,” ಅಂದೆ.

ಅವನು ನೆಲ ನೋಡಿದ. ತಿಳಿದವರನ್ನು ಒಂದು ಮಾತು ಕೇಳಬೇಕು, ನೋಡೋಣ ಅಂದ. ವೈನಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಅಣ್ಣ ಕೆಟ್ಟವನಲ್ಲ, ನಾನು ಗಂಡನ ಮನೆ ಬಿಟ್ಟ ದಿನ ನನ್ನ ಟ್ರಂಕು ಹೊತ್ತು ತಂದವನು ಅವನೇ. ಅದಕ್ಕೇ ನನಗೆ ಅಷ್ಟು ನೋವಾಯಿತು. ಉಂಡು ಬಸ್ಸು ಹತ್ತಿದೆ.

ಕೊನೆಗೆ ಕೊಪ್ಪಳದ ಮನೆಯ ಬಾಡಿಗೆ ಕರಾರನ್ನೇ ಅರ್ಜಿಗೆ ಲಗತ್ತಿಸಿದೆವು. ಎಲ್ಲ ಕರಾರಿನಂತೆ ಅದೂ ಹನ್ನೊಂದು ತಿಂಗಳದ್ದು. ಏಜೆಂಟ್ ಗೊಣಗುತ್ತಲೇ ಕಳಿಸಿದ. ಎರಡು ತಿಂಗಳ ಮೇಲೆ ವೀಸಾ ಬಂತು, ಪೂರ್ತಿ ಒಂದು ವರ್ಷಕ್ಕೆ.

ಫೋನಿನಲ್ಲಿ ಹೇಳಿದಾಗ ಅಣ್ಣನಿಗೆ ನಿಜವಾಗಿಯೂ ಖುಷಿಯಾಯಿತು. ಆ ಕಾಗದದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

“ಹೋಗೂದರಾಗ ಪಂಚಮಿ ಹಬ್ಬಕ್ಕ ಬಂದು ನಾಕು ದಿನ ಇದ್ದು ಹೋಗವ್ವಾ,” ಅಂದ.

ತವರಿನಲ್ಲಿ ನನ್ನ ಅವಧಿ ಎಂದಿಗೂ ಆ ನಾಲ್ಕು ದಿನವೇ. ನನ್ನ ಮುಖವನ್ನೇ ನೋಡದ ದೇಶ ಒಂದು ವರ್ಷ ಕೊಟ್ಟಿತ್ತು. ಬರುತ್ತೇನೆ, ವೈನಿಗೆ ಶೇಂಗಾ ಉಂಡಿ ಕಟ್ಟಲು ಹೇಳು ಎಂದು ಫೋನ್ ಇಟ್ಟೆ.