ಸಯನ್ನಿನ ಗೋದಲಿ, ಬಾಂದ್ರಾದ ಅತ್ತರು

ಈ ವರ್ಷದ ಜೂನ್ ಮೊದಲ ವಾರ, ಬಾಂದ್ರಾದ ಒಂದು ಏಸಿ ಕೋಣೆಯಲ್ಲಿ ನನ್ನ ಮೂಗಿನ ಮುಂದೆ ಮಳೆಯನ್ನು ಹಿಡಿದರು. ಬೆರಳಗಲದ ಕಾಗದದ ಪಟ್ಟಿ, ಅದರ ತುದಿಯಲ್ಲಿ ಎರಡು ಹನಿ. ಹೊರಗೆ ಇನ್ನೂ ಮಳೆ ಬಂದಿರಲಿಲ್ಲ.

"ಪಹಲೀ ಬಾರಿಶ್," ಎಂದರು ಮೇಡಂ. ಮೊದಲ ಮಳೆ. ಅವರದು ಸುಗಂಧ ತಯಾರಿಸುವ ಸಣ್ಣ ಕಂಪನಿ. ಸೀಸೆಗಳ ಮೇಲಿನ ಬರಹ ಬರೆಯಲು ನಾನು ವಿಜಯಪುರದಿಂದ ಬಂದು ಸೇರಿದ್ದೆ. ಕೆಲಸ ಖಾಯಂ ಆಗಿರಲಿಲ್ಲ.

"ಇದು ಮುಂಬೈ ಮಳೆ. ನಮ್ಮ ಕಡೆಯದು ಬೇರೆ," ಎಂದೆ.

"ತೋ ಲೇಕೆ ಆವೋ ಅಪ್ನಿ ಮಿಟ್ಟಿ." ನಿನ್ನ ಮಣ್ಣು ತಾ, ನೋಡೋಣ. ಅದರಿಂದ ಅತ್ತರು ಇಳಿದರೆ ಕೆಲಸ ಖಾಯಂ ಎಂದರು.

ಇಲ್ಲಿ ಮಳೆ ಬಂದ ಮೇಲೆ ವಾಸನೆ ಏಳುತ್ತದೆ: ಡಾಂಬರು, ತಾಡಪತ್ರಿ, ಗಟಾರ, ಲೋಕಲ್ ರೈಲಿನ ಒದ್ದೆ ಕಬ್ಬಿಣ. ನಮ್ಮಲ್ಲಿ ವಾಸನೆ ಮೊದಲು, ಮಳೆ ಆಮೇಲೆ. ಎಲ್ಲೋ ದೂರದ ಹೊಲದಲ್ಲಿ ಬಿದ್ದದ್ದು ಗಾಳಿಯಲ್ಲಿ ಬರುತ್ತದೆ; ಹೆಂಗಸರು ಮಾಳಿಗೆಯ ಮೇಲಿನ ಹಪ್ಪಳ ತೆಗೆಯುತ್ತಾರೆ. ಒಮ್ಮೊಮ್ಮೆ ಮಳೆ ಬರುವುದೇ ಇಲ್ಲ.

ಅಣ್ಣ ಬಸ್ಸಿನಲ್ಲಿ ಒಂದು ಚೀಲ ಎರೆಮಣ್ಣು ಕಳಿಸಿದ. ಅದನ್ನು ಸಯನ್ನಿನಲ್ಲಿ, ನಾನು ಉಳಿದುಕೊಂಡಿರುವ ದೊಡ್ಡವ್ವನ ಮನೆಯ ಗ್ಯಾಲರಿಯಲ್ಲಿಟ್ಟು ಕೆಲಸಕ್ಕೆ ಹೋದೆ. ಸಂಜೆ ಬಂದಾಗ ಚೀಲ ಖಾಲಿ. ಮಣೆಯ ಮೇಲೆ ಮಣ್ಣಿನ ಎರಡು ಎತ್ತು, ಅವುಗಳ ಮುಂದೆ ಮೇವು ಹಾಕುವ ಗೋದಲಿ. ಎತ್ತುಗಳ ಕಣ್ಣಿಗೆ ಜೋಳದ ಕಾಳು.

"ನಾಳೆ ಮಣ್ಣೆತ್ತಿನ ಅಮಾಸಿ ಅಂತ ನೆನಪಿಟ್ಟ ತರಿಸಿದೆಲ್ಲ ತಂಗಿ!" ಎಂದಳು ದೊಡ್ಡವ್ವ. "ಇಷ್ಟ ವರ್ಷ ಗೋಧಿ ಹಿಟ್ಟಿನ ಎತ್ತ ಮಾಡೇನಿ."

"ದೊಡ್ಡವ್ವಾ, ಅದು ಸೆಂಟಿಗೆ ತರಿಸಿದ್ದು."

"ಮಣ್ಣಿನ ಸೆಂಟ? ಮೈಗೆ ಮಣ್ಣ ಹತ್ತಿದ್ರ ನಾವು ತೊಳಕೋತಿದ್ವಿ. ಇವರು ರೊಕ್ಕಾ ಕೊಟ್ಟ ಹಚ್ಚಿಕೋತಾರೇನು?"

ಮಣ್ಣು ಸುಟ್ಟು ಅತ್ತರು ಇಳಿಸುವುದನ್ನೂ ನೌಕರಿಯ ಮಾತನ್ನೂ ಹೇಳಿದೆ. ನಗು ನಿಂತಿತು. ಎತ್ತುಗಳನ್ನು ನೋಡುತ್ತ ಕುಳಿತಳು.

ಮರುದಿನ ಪೂಜೆಯಾಯಿತು, ಹೋಳಿಗೆಯ ಎಡೆಯಾಯಿತು. ಆಮೇಲೆ ಗೋದಲಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು.

"ಜೋಡೆತ್ತ ಅಗಲಸಬಾರದು, ಬೆಂಕಿಗಂತೂ ಕೊಡಂಗಿಲ್ಲ. ಇದನ್ನ ಒಯ್ಯಿ. ಎತ್ತು ನನ್ನ ಅಕ್ಕಿ ಡಬ್ಬಿ ಮುಂದ ಮೇಯ್ತಾವ."

ಬಾಂದ್ರಾದಲ್ಲಿ ಗೋದಲಿಯನ್ನು ಸುಟ್ಟು, ಒಡೆದು, ತಾಮ್ರದ ಪಾತ್ರೆಯಲ್ಲಿ ನೀರಿನೊಂದಿಗೆ ಕುದಿಸಿದರು. ಆ ಹಬೆ ಗಂಧದೆಣ್ಣೆಗೆ ಇಳಿಯಿತು. ಮೇಡಂ ಪಟ್ಟಿಯನ್ನು ಮೂಸಿ, ಸ್ವಲ್ಪ ಬಿಟ್ಟು ಮತ್ತೆ ಮೂಸಿದರು.

"ಯೇ ಬಾರಿಶ್ ನಹೀ ಹೈ," ಎಂದರು. "ಬಾರಿಶ್ ಕೇ ಪಹಲೇ ಹೈ." ಮಳೆಯಲ್ಲ, ಮಳೆಗೆ ಮುಂಚಿನದು.

ಕೆಲಸ ಖಾಯಂ ಆಯಿತು. ಪಟ್ಟಿಯನ್ನು ಮನೆಗೆ ತಂದೆ. ದೊಡ್ಡವ್ವ ಕನ್ನಡಕ ತೆಗೆದಿಟ್ಟು ಮೂಸಿದಳು.

"ಗಂಧ ಭಾಳ ಆತು. ಹೊಲ ಅರ್ಧ ಬಂದೈತಿ," ಎಂದಳು. ಪಟ್ಟಿಯನ್ನು ಮಾತ್ರ ತಿರುಗಿ ಕೊಡಲಿಲ್ಲ.

ಅಮಾವಾಸ್ಯೆ ಮುಗಿದ ಮೇಲೆ ಎತ್ತುಗಳನ್ನು ನೀರಿಗೆ ಬಿಡುವುದು ನಮ್ಮ ಮನೆಯ ಪದ್ಧತಿ. ಇದನ್ನು ಬರೆಯುವಾಗ ಸಯನ್ನಿನಲ್ಲಿ ಮಳೆ ಸುರಿಯುತ್ತಿದೆ. ಎತ್ತುಗಳು ಎರಚಲು ತಾಗದಂತೆ ಒಳಗೆ, ಇನ್ನೂ ಅಕ್ಕಿ ಡಬ್ಬಿಯ ಮುಂದೆಯೇ ಇವೆ.